ಡಿಸ್ಕ್‌ಗೆ ಯಾವ ಕಮಾಂಡ್ ಗೊತ್ತು? ಹೊಡೆದು ನೋಡಬೇಡಿ, ಕೇಳಿ ನೋಡಿ

ನಮ್ಮ ಬೀದಿಯ ಹುಡುಗನೊಬ್ಬ ಹಳೆಯ ಎಸ್‌ಎಸ್‌ಡಿ ಮಾರಲು ಹೊರಟಿದ್ದ. ಒಳಗಿನದ್ದನ್ನು ಪೂರ್ತಿ ಅಳಿಸುವ ಕಮಾಂಡ್ ಅದಕ್ಕೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಫಾರ್ಮ್ಯಾಟ್ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದ. ‘ಇದೆಯಾ ಅಂತ ನೋಡೋಣ ಅಂದ್ಕೊಂಡು ಹೊಡೆದೆ ಅಂಕಲ್’ ಎಂದ ಆಮೇಲೆ. ಇತ್ತು. ಫೋಟೊಗಳನ್ನು ಇನ್ನೂ ಬೇರೆ ಕಡೆ ಕಾಪಿ ಮಾಡಿಕೊಂಡಿರಲಿಲ್ಲ. ‘10 ಸೆಕೆಂಡ್ ಇದೆ, ಬೇಡವಾದರೆ ಕಂಟ್ರೋಲ್-ಸಿ ಒತ್ತಿ’ ಎಂದು ಪರದೆಯ ಮೇಲೆ ಬಂದಿತ್ತಂತೆ. ಇವನು ಅದು ಕೆಲಸ ಮುಗಿಯಲು ಬೇಕಾದ ಸಮಯ ಎಂದುಕೊಂಡ.

ಇಂಥ ಮೂರ್ನಾಲ್ಕು ಪ್ರಕರಣ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಡಿಸ್ಕ್ ಒಳಗೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಓದು, ಬರೆ, ಅಳಿಸು, ನಿನ್ನನ್ನು ನೀನೇ ಪರೀಕ್ಷಿಸಿಕೋ – ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ನಂಬರ್. ಎಲ್ಲ ಡಿಸ್ಕ್‌ಗೂ ಎಲ್ಲ ನಂಬರ್ ಗೊತ್ತಿರುವುದಿಲ್ಲ. ಆದರೆ ‘ನಿನಗೆ ಏನೇನು ಬರುತ್ತೆ?’ ಎಂದು ಅದನ್ನೇ ಕೇಳಬಹುದು. ಕೇಳಿದರೆ ಡೇಟಾ ಹೋಗುವುದಿಲ್ಲ.

ಕಷ್ಟ ಇರುವುದು ಕೇಳುವುದರಲ್ಲಲ್ಲ, ಉತ್ತರ ಯಾರದು ಎಂದು ತಿಳಿಯುವುದರಲ್ಲಿ. ಹೆಣ್ಣು ನೋಡಲು ಹೋದಾಗ ಪ್ರಶ್ನೆ ಕೇಳಿದ್ದು ಹುಡುಗಿಗೆ, ಉತ್ತರ ಕೊಟ್ಟಿದ್ದು ಪಕ್ಕದಲ್ಲಿ ಕೂತ ಸೋದರಮಾವ – ಇಲ್ಲೂ ಎಷ್ಟೋ ಸಲ ಹಾಗೆಯೇ. ಮಧ್ಯೆ ಯುಎಸ್‌ಬಿ ಚಿಪ್ ಕೂತಿರುತ್ತದೆ, ಇಲ್ಲವೇ ಲಿನಕ್ಸ್ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಂನ ತಿರುಳು) ಕೂತಿರುತ್ತದೆ.

ಮೊದಲ ಹೆಜ್ಜೆ: ಸಾಮಾನು ಹೊಂದಿಸಿಕೊಳ್ಳಿ

ಲಿನಕ್ಸ್ ಬೇಕು. ಇಲ್ಲದಿದ್ದರೆ ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಾಕು. ವರ್ಚುವಲ್ ಮಷೀನ್ ಬೇಡವೇ ಬೇಡ. ಅಲ್ಲಿ ಕಾಣುವುದು ಸಾಫ್ಟ್‌ವೇರ್ ಕಟ್ಟಿದ ಬೊಂಬೆ ಡಿಸ್ಕ್.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಸುಡೊ ಎಪಿಟಿ ಇನ್‌ಸ್ಟಾಲ್ ಎಸ್‌ಜಿ3-ಯುಟಿಲ್ಸ್ ಎನ್‌ವಿಎಂಇ-ಸಿಎಲ್‌ಐ ಎಚ್‌ಡಿಪಾರ್ಮ್ ಸ್ಮಾರ್ಟ್‌ಮಾನ್‌ಟೂಲ್ಸ್

ಉಬುಂಟುವಿನಲ್ಲಿ ಎಸ್‌ಜಿ3 ಆದ ಮೇಲೆ ಅಡ್ಡಗೆರೆ. ಫೆಡೋರಾದಲ್ಲಿ ಅದೇ ಪ್ಯಾಕೇಜ್‌ಗೆ ಅಂಡರ್‌ಸ್ಕೋರ್. ಸುಮ್ನೆ ಗೊಂದಲ. ಇನ್ನೊಂದು ಮಾತು: ‘ಸುಡೊ’ ಅನ್ನು ಪ್ರತಿ ಸಲ ಟೈಪ್ ಮಾಡಿ. ಒಂದೇ ಸಲ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕೂತುಬಿಟ್ಟರೆ ಕೈತಪ್ಪಿಗೆ ತಡೆಯೇ ಇರುವುದಿಲ್ಲ.

ಎರಡನೇ ಹೆಜ್ಜೆ: ಯಾವ ಡಿಸ್ಕ್, ಯಾವ ದಾರಿ

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಟ್ರಾನ್,ಮಾಡೆಲ್,ಸೈಜ್

‘ಟ್ರಾನ್’ ಕಾಲಂನಲ್ಲಿ ಎನ್‌ವಿಎಂಇ, ಸಾಟಾ, ಎಸ್‌ಎಎಸ್ ಅಥವಾ ಯುಎಸ್‌ಬಿ ಎಂದು ಬರುತ್ತದೆ. ಇವು ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಬಗೆಗಳು. ಅದರ ಮೇಲೆ ಮುಂದಿನ ದಾರಿ. ಸೈಜ್ ಮತ್ತು ಮಾಡೆಲ್ ಎರಡೂ ನಿಮ್ಮ ಕೈಯಲ್ಲಿರುವ ಡಿಸ್ಕ್‌ಗೆ ಹೊಂದುತ್ತವೆಯಾ ನೋಡಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ರೀಬೂಟ್ ಆದಾಗ ಅದಲುಬದಲಾಗಬಹುದು. ನಿನ್ನೆಯ ಚೀಟಿ ನೋಡಿಕೊಂಡು ಇವತ್ತು ಟೈಪ್ ಮಾಡಬೇಡಿ.

ಮೂರನೇ ಹೆಜ್ಜೆ: ಎನ್‌ವಿಎಂಇ ಆದರೆ

ಇದು ಸಲೀಸು. ಮಧ್ಯೆ ಸೋದರಮಾವ ಇಲ್ಲ.

ಸುಡೊ ಎನ್‌ವಿಎಂಇ ಐಡಿ-ಸಿಟಿಆರ್‌ಎಲ್ /ಡೆವ್/ಎನ್‌ವಿಎಂಇ0 -ಎಚ್

ಕೊನೆಯ ಎಚ್ ದೊಡ್ಡಕ್ಷರ. ಅದಿಲ್ಲದಿದ್ದರೆ ಬರೀ ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿ ಬರುತ್ತದೆ. ಅದಿದ್ದರೆ ಒಂದೊಂದು ಬಿಟ್ ಅನ್ನೂ ಬಿಡಿಸಿ ಹೇಳುತ್ತದೆ. ಉದ್ದದ ಪಟ್ಟಿ. ಅದರಲ್ಲಿ ಮೂರು ಹೆಸರು ಹುಡುಕಿ. ‘ಒಎಸಿಎಸ್’ನಲ್ಲಿ ಫಾರ್ಮ್ಯಾಟ್, ಫರ್ಮ್‌ವೇರ್ (ಡಿಸ್ಕ್ ಒಳಗಿನ ತಂತ್ರಾಂಶ) ಬದಲಾವಣೆ, ಸೆಲ್ಫ್ ಟೆಸ್ಟ್ ಇಂಥವು. ‘ಒಎನ್‌ಸಿಎಸ್’ನಲ್ಲಿ ಡೇಟಾಸೆಟ್ ಮ್ಯಾನೇಜ್‌ಮೆಂಟ್, ರೈಟ್ ಝೀರೋಸ್, ವೆರಿಫೈ ಇಂಥವು. ಟ್ರಿಮ್ (ಬೇಡವಾದ ಜಾಗ ಯಾವುದು ಎಂದು ಎಸ್‌ಎಸ್‌ಡಿಗೆ ತಿಳಿಸುವುದು) ಎಂದು ನಾವು ಕರೆಯುವುದು ಇಲ್ಲಿ ಡೇಟಾಸೆಟ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಪೂರ್ತಿ ಅಳಿಸುವ ಸ್ಯಾನಿಟೈಸ್ ಬಗೆಗಳು ‘ಸ್ಯಾನಿಕ್ಯಾಪ್’ನಲ್ಲಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು:

ಸುಡೊ ಎನ್‌ವಿಎಂಇ ಎಫೆಕ್ಟ್ಸ್-ಲಾಗ್ /ಡೆವ್/ಎನ್‌ವಿಎಂಇ0

ಇದು ಕಮಾಂಡ್‌ಗಳ ನಿಜವಾದ ಪಟ್ಟಿ. ಪ್ರತಿ ಸಾಲಿನಲ್ಲೂ ಆ ಕಮಾಂಡ್ ಏನು ಮಾಡಬಲ್ಲದು ಎಂಬುದೂ ಇರುತ್ತದೆ. ‘ಎಲ್‌ಬಿಸಿಸಿ’ ಪಕ್ಕ ಪ್ಲಸ್ ಗುರುತು ಇದ್ದರೆ ಆ ಕಮಾಂಡ್ ನಿಮ್ಮ ಡೇಟಾ ಬದಲಿಸಬಹುದು ಎಂದರ್ಥ. ನಮ್ಮ ಬೀದಿಯ ಹುಡುಗ ನೋಡಬೇಕಿದ್ದುದು ಈ ಗುರುತನ್ನು. ಕೆಲವು ಡಿಸ್ಕ್‌ಗಳು ಈ ಲಾಗ್ ಇಟ್ಟಿರುವುದಿಲ್ಲ. ಎರರ್ ಬಂದರೆ ಮೊದಲಿನ ಕಮಾಂಡ್‌ನಲ್ಲೇ ತೃಪ್ತಿಪಡಿ.

ನಾಲ್ಕನೇ ಹೆಜ್ಜೆ: ಲ್ಯಾಪ್‌ಟಾಪ್ ಒಳಗಿನ ಸಾಟಾ ಡಿಸ್ಕ್

ಸುಡೊ ಎಚ್‌ಡಿಪಾರ್ಮ್ -ಐ /ಡೆವ್/ಎಸ್‌ಡಿಎ

ಐ ದೊಡ್ಡಕ್ಷರ. ಸಣ್ಣ ಐ ಹಾಕಿದರೂ ಏನೋ ಬರುತ್ತದೆ. ಆದರೆ ಅದು ಬೂಟ್ ಆಗುವಾಗ ಕರ್ನಲ್ ಬರೆದಿಟ್ಟುಕೊಂಡದ್ದು. ದೊಡ್ಡ ಐ ಹಾಕಿದರೆ ಡಿಸ್ಕನ್ನೇ ಈಗ ಕೇಳುತ್ತದೆ.

ಸಾಟಾ ಡಿಸ್ಕ್‌ಗೆ ‘ನಿನ್ನ ಕಮಾಂಡ್‌ಗಳ ಪಟ್ಟಿ ಕೊಡು’ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಅದು 512 ಬೈಟ್‌ನ ಗುರುತಿನ ಚೀಟಿಯೊಂದನ್ನು ಕೊಡುತ್ತದೆ, ಅಷ್ಟೇ. ಅದರಲ್ಲಿ 82ರಿಂದ 84ನೇ ವರ್ಡ್‌ಗಳು (ಎರಡೆರಡು ಬೈಟ್‌ನ ತುಂಡುಗಳು) ‘ನನಗೆ ಬರುತ್ತದೆ’, 85ರಿಂದ 87 ‘ಈಗ ಆನ್ ಆಗಿದೆ’. ಎಚ್‌ಡಿಪಾರ್ಮ್ ಇದನ್ನೇ ಬಿಡಿಸಿ ತೋರಿಸುತ್ತದೆ. ಸಾಲಿನ ಮುಂದೆ ನಕ್ಷತ್ರ ಇದ್ದರೆ ಆನ್ ಆಗಿದೆ. ನಕ್ಷತ್ರ ಇಲ್ಲದಿದ್ದರೆ ‘ಬರುವುದಿಲ್ಲ’ ಅಂತಲ್ಲ. ಬರುತ್ತದೆ, ಸದ್ಯ ಆಫ್ ಆಗಿದೆ. ಸಾಲೇ ಇಲ್ಲದಿದ್ದರೆ ಬರುವುದಿಲ್ಲ. ಇದನ್ನು ತಿರುಗಾಮುರುಗಾ ಓದಿದವರೇ ಜಾಸ್ತಿ.

ಕೆಳಗೆ ‘ಸೆಕ್ಯುರಿಟಿ’ ಭಾಗದಲ್ಲಿ ‘ಫ್ರೋಜನ್’ ಎಂದು ಕಂಡರೆ ಗಾಬರಿ ಬೇಡ. ಬೂಟ್ ಆಗುವಾಗ ಬಯೋಸ್ ಬೀಗ ಹಾಕಿದೆ. ಲ್ಯಾಪ್‌ಟಾಪನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಐದನೇ ಹೆಜ್ಜೆ: ಸ್ಕಸಿ ಭಾಷೆ, ಯುಎಸ್‌ಬಿ ಪೆಟ್ಟಿಗೆ

ಜನ ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಸ್ಕಸಿ ಎಂದರೆ ಕಂಪ್ಯೂಟರ್‌ಗೆ ಡಿಸ್ಕ್ ಜೋಡಿಸಿ ಮಾತಾಡಿಸಲು 1986ರಲ್ಲಿ ಬಂದ ಸ್ಟ್ಯಾಂಡರ್ಡ್. ಆ ಕೇಬಲ್‌ಗಳು ಎಂದೋ ಗುಜರಿ ಸೇರಿದವು. ಭಾಷೆ ಮಾತ್ರ ಉಳಿದಿದೆ. ಸರ್ವರ್‌ಗಳ ಎಸ್‌ಎಎಸ್ ಡಿಸ್ಕ್, ಪೆನ್‌ಡ್ರೈವ್, ಯುಎಸ್‌ಬಿ ಹಾರ್ಡ್ ಡಿಸ್ಕ್ ಎಲ್ಲ ಇದನ್ನೇ ಮಾತಾಡುತ್ತವೆ. ಇದರಲ್ಲಿ ಪಟ್ಟಿ ಕೇಳಲೆಂದೇ ಒಂದು ಕಮಾಂಡ್ ಇದೆ. ‘ರಿಪೋರ್ಟ್ ಸಪೋರ್ಟೆಡ್ ಆಪರೇಷನ್ ಕೋಡ್ಸ್’ ಎಂದು ಅದರ ಹೆಸರು. ಅದನ್ನು ಕಳಿಸುವ ಸಾಧನ:

ಸುಡೊ ಎಸ್‌ಜಿ_ಆಪ್‌ಕೋಡ್ಸ್ /ಡೆವ್/ಎಸ್‌ಡಿಬಿ

ಒಳ್ಳೆಯ ಡಿಸ್ಕ್ ಆದರೆ ನಂಬರ್ ಸಮೇತ ಪಟ್ಟಿ ಸುರಿಯುತ್ತದೆ. 12 ಇನ್‌ಕ್ವೈರಿ, 28 ರೀಡ್, 42 ಅನ್‌ಮ್ಯಾಪ್, 48 ಸ್ಯಾನಿಟೈಸ್. ಎಲ್ಲ ಹೆಕ್ಸ್ ಅಂಕಿ, ನೆನಪಿರಲಿ.

ಒಂದೇ ಕಮಾಂಡ್ ಬಗ್ಗೆ ಕೇಳಬೇಕಾದರೆ -ಒ ಹಾಕಬೇಕು. ಟ್ರಿಮ್‌ಗೆ ಸ್ಕಸಿಯಲ್ಲಿ ಸಮನಾದದ್ದು ಅನ್‌ಮ್ಯಾಪ್. ಅದರ ನಂಬರ್ 42. ಹಾಗಾದರೆ ‘-ಒ 42’ ಅಲ್ವಾ? ಅಲ್ಲ. ಈ ಸಾಧನ ಬರಿ 42 ಎಂದರೆ ನಮ್ಮ ಹತ್ತರ ಲೆಕ್ಕದ ನಲವತ್ತೆರಡು ಎಂದುಕೊಳ್ಳುತ್ತದೆ. ಅದು ಹೆಕ್ಸ್‌ನಲ್ಲಿ 2ಎ. 2ಎ ಎಂದರೆ ರೈಟ್, ಅಂದರೆ ಮಾಮೂಲಿ ಬರೆಯುವ ಕಮಾಂಡ್. ಬರೆಯಲು ಬಾರದ ಡಿಸ್ಕ್ ಎಲ್ಲಿದೆ? ‘ಸಪೋರ್ಟೆಡ್’ ಎಂದು ಉತ್ತರ ಬರುತ್ತದೆ. ನೀವು ಟ್ರಿಮ್ ಇದೆ ಎಂದು ಕುಣಿಯುತ್ತೀರಿ. ನಾನೂ ಒಮ್ಮೆ ಕುಣಿದಿದ್ದೇನೆ. ಸರಿಯಾದದ್ದು ಹೀಗೆ:

ಸುಡೊ ಎಸ್‌ಜಿ_ಆಪ್‌ಕೋಡ್ಸ್ -ಒ 0ಎಕ್ಸ್42 /ಡೆವ್/ಎಸ್‌ಡಿಬಿ

ಸೊನ್ನೆ, ಎಕ್ಸ್, ಆಮೇಲೆ 42. ಉತ್ತರದಲ್ಲಿ ಕಮಾಂಡ್‌ನ ಹೆಸರೂ ಇರುತ್ತದೆ. ‘ಸಪೋರ್ಟೆಡ್’ ಓದುವ ಮೊದಲು ಆ ಹೆಸರು ಓದಿ.

ಉತ್ತರ ನಾಲ್ಕು ಬಗೆ. ಸ್ಟ್ಯಾಂಡರ್ಡ್ ಪ್ರಕಾರ ಬರುತ್ತದೆ. ಬರುತ್ತದೆ, ಆದರೆ ಕಂಪನಿಯ ಸ್ವಂತ ರೀತಿಯಲ್ಲಿ. ಬರುವುದಿಲ್ಲ. ಸದ್ಯ ಮಾಹಿತಿ ಇಲ್ಲ. ಎರಡನೆಯದು ಬಂದರೆ ನಾನಂತೂ ಆ ಕಮಾಂಡ್ ಮುಟ್ಟುವುದಿಲ್ಲ. ನಾಲ್ಕನೆಯದನ್ನು ‘ಇಲ್ಲ’ ಎಂದು ಓದಬೇಡಿ.

ಈಗ ಯುಎಸ್‌ಬಿ ಪೆಟ್ಟಿಗೆಯ ಕಥೆ. ಒಳಗೆ ಸಾಟಾ ಡಿಸ್ಕ್, ಹೊರಗೆ ಯುಎಸ್‌ಬಿ, ಮಧ್ಯೆ ಭಾಷಾಂತರ ಮಾಡುವ ಚಿಪ್. ನೀವು ಕೇಳಿದ್ದು ಡಿಸ್ಕನ್ನು, ಉತ್ತರ ಹೇಳುವುದು ಚಿಪ್. ಬಹಳಷ್ಟು ಚಿಪ್‌ಗಳಿಗೆ ಈ ಪ್ರಶ್ನೆಯೇ ಗೊತ್ತಿಲ್ಲ. ಆಗ ‘ಇಲ್‌ಲೀಗಲ್ ರಿಕ್ವೆಸ್ಟ್’ ಎಂಬ ಜಾತಿಯ ಎರರ್ ಬರುತ್ತದೆ. ಇದರ ಅರ್ಥ ‘ನನಗೆ ಯಾವ ಕಮಾಂಡೂ ಬರುವುದಿಲ್ಲ’ ಅಂತಲ್ಲ. ‘ನೀವು ಕೇಳಿದ್ದು ನನಗೆ ಅರ್ಥವಾಗಲಿಲ್ಲ’ ಅಂತ. ತಕ್ಷಣ ‘ಎಕೊ $?’ ಎಂದು ಟೈಪ್ ಮಾಡಿ. ಹಿಂದಿನ ಕಮಾಂಡ್ ಹೇಗೆ ಮುಗಿಯಿತು ಎಂಬುದರ ನಂಬರ್ ಬರುತ್ತದೆ. 9 ಬಂದರೆ ಪ್ರಶ್ನೆಯೇ ಗೊತ್ತಿಲ್ಲ. 5 ಬಂದರೆ ಪ್ರಶ್ನೆ ಗೊತ್ತಿರಬಹುದು, ಕೇಳಿದ ರೀತಿ ಒಗ್ಗಲಿಲ್ಲ. ಆಗ ಪೂರ್ತಿ ಪಟ್ಟಿ ಬಿಟ್ಟು -ಒ ಹಾಕಿ ಒಂದೊಂದೇ ಕೇಳಿ ನೋಡಿ. ಲ್ಯಾಪ್‌ಟಾಪ್ ಒಳಗಿನ ಸಾಟಾ ಡಿಸ್ಕ್‌ಗೂ ಇದೇ ಸಾಧನ ಬಳಸಿದವರನ್ನು ನೋಡಿದ್ದೇನೆ. ಅಲ್ಲಿ ಉತ್ತರ ಕೊಡುವುದು ಕರ್ನಲ್, ಡಿಸ್ಕ್ ಅಲ್ಲ. ಅಲ್ಲಿಗೆ ಎಚ್‌ಡಿಪಾರ್ಮೇ ಸರಿ.

ಒಂದು ಎಚ್ಚರಿಕೆ. ಕೆಲವು ಅಗ್ಗದ ಚಿಪ್‌ಗಳು ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಎರರ್ ಕೊಡುವ ಬದಲು ಮೂರ್ಛೆ ಹೋಗುತ್ತವೆ. ಲಿನಕ್ಸ್‌ನ ಯುಎಸ್‌ಬಿ-ಸ್ಟೋರೇಜ್ ಡ್ರೈವರ್ ಬರೆದವರು ಇದಕ್ಕೇ ಕರ್ನಲ್ ತಾನಾಗಿ ಈ ಪ್ರಶ್ನೆ ಕೇಳದ ಹಾಗೆ ಮಾಡಿಟ್ಟಿದ್ದಾರೆ. ನೀವು ಕೈಯಾರೆ ಕೇಳುವ ಮೊದಲು ಡಿಸ್ಕ್ ಅನ್‌ಮೌಂಟ್ ಮಾಡಿ. ಫೈಲ್ ಕಾಪಿ ಆಗುತ್ತಿರುವಾಗಲಂತೂ ಕೇಳಲೇಬೇಡಿ. ಯಾವ ಡ್ರೈವರ್ ಓಡುತ್ತಿದೆ ಎಂಬುದು ‘ಎಲ್‌ಎಸ್‌ಯುಎಸ್‌ಬಿ -ಟಿ’ ಹೊಡೆದರೆ ಕಾಣುತ್ತದೆ. ‘ಯುಎಎಸ್’ (ಯುಎಸ್‌ಬಿ-ಸ್ಟೋರೇಜ್‌ಗಿಂತ ಹೊಸ ಡ್ರೈವರ್) ಇದ್ದರೆ ವಾಸಿ. ಇದ್ದ ಮಾತ್ರಕ್ಕೆ ಪಟ್ಟಿ ಸಿಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ಸೋದರಮಾವನನ್ನು ದಾಟಿ ಒಳಗಿನ ಡಿಸ್ಕನ್ನೇ ಮಾತಾಡಿಸುವ ಕಿಟಕಿಯೊಂದಿದೆ. ‘ಎಟಿಎ ಪಾಸ್-ಥ್ರೂ’ ಎನ್ನುತ್ತಾರೆ. ಸಾಟಾ ಪ್ರಶ್ನೆಯನ್ನು ಸ್ಕಸಿ ಲಕೋಟೆಯೊಳಗೆ ಇಟ್ಟು ಕಳಿಸುವುದು. ಚಿಪ್ ಒಡೆದು ಓದದೆ ಒಳಗೆ ದಾಟಿಸಬೇಕು.

ಸುಡೊ ಸ್ಮಾರ್ಟ್‌ಸಿಟಿಎಲ್ -ಡಿ ಸ್ಯಾಟ್ -ಐ -ಸಿ /ಡೆವ್/ಎಸ್‌ಡಿಬಿ

ಇಲ್ಲಿ ಐ ಸಣ್ಣದು. ಡಿಸ್ಕ್‌ನ ನಿಜವಾದ ಮಾಡೆಲ್ ಹೆಸರು ಬಂದರೆ ಕಿಟಕಿ ತೆರೆದಿದೆ ಎಂದರ್ಥ. ಆಗ ನಾಲ್ಕನೇ ಹೆಜ್ಜೆಯ ಎಚ್‌ಡಿಪಾರ್ಮ್ ಕೂಡ ನಡೆಯಬೇಕು. ನಡೆಯದಿದ್ದರೆ ‘ಬ್ಯಾಡ್/ಮಿಸ್ಸಿಂಗ್ ಸೆನ್ಸ್ ಡೇಟಾ’ ಎಂದು ಗೊಣಗುತ್ತದೆ. ಅದು ಡಿಸ್ಕ್ ಹಾಳಾದ ಲಕ್ಷಣ ಅಲ್ಲ. ಲಕೋಟೆ ದಾಟಲಿಲ್ಲ, ಅಷ್ಟೇ.

ಈ ಲಕೋಟೆ ಎರಡು ಅಳತೆಯಲ್ಲಿ ಬರುತ್ತದೆ, 16 ಬೈಟ್ ಮತ್ತು 12 ಬೈಟ್. 12 ಬೈಟ್‌ನದರ ನಂಬರ್ ಹೆಕ್ಸ್ ಎ1. ಸಿಡಿ-ಡಿವಿಡಿ ರೈಟರ್‌ಗಳಲ್ಲಿ ಅದೇ ಎ1ಕ್ಕೆ ‘ಬ್ಲ್ಯಾಂಕ್’ ಎಂಬ ಅರ್ಥ. ಅಂದರೆ ಡಿಸ್ಕ್ ಅಳಿಸು! ಹಾಗಾಗಿ 16ರದನ್ನೇ ಬಳಸಿ. ‘ಸ್ಯಾಟ್,12’ ಎಂದು ಹಾಕುವ ಶಾರ್ಟ್‌ಕಟ್ಟನ್ನು ಯಾರಾದರೂ ಹೇಳಿಕೊಟ್ಟರೆ, ಮುಂದಿರುವುದು ಹಾರ್ಡ್ ಡಿಸ್ಕ್ ಎಂದು ಖಾತ್ರಿಯಾದ ಮೇಲೆ ಮಾತ್ರ ಹಾಕಿ.

ಪೆಟ್ಟಿಗೆಯೊಳಗೆ ಇರುವುದು ಎನ್‌ವಿಎಂಇ ಆದರೆ ಮೂರನೇ ಹೆಜ್ಜೆಯ ಕಮಾಂಡ್‌ಗಳು ಕೆಲಸಕ್ಕೆ ಬರುವುದಿಲ್ಲ. ಕಂಪ್ಯೂಟರ್‌ಗೆ ಅದು ಎಸ್‌ಡಿಬಿ ಎಂದೇ ಕಾಣುತ್ತದೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ -ಡಿ ಆದ ಮೇಲೆ ಎಸ್‌ಎನ್‌ಟಿಜೆಮೈಕ್ರಾನ್, ಎಸ್‌ಎನ್‌ಟಿರಿಯಲ್‌ಟೆಕ್, ಎಸ್‌ಎನ್‌ಟಿಎಎಸ್‌ಮೀಡಿಯಾ ಎಂಬ ಮೂರು ಹೆಸರಿವೆ, ಚಿಪ್‌ಗೆ ತಕ್ಕ ಹಾಗೆ. ನನ್ನ ಹತ್ತಿರ ಹೆಸರೇ ಇಲ್ಲದ ಒಂದು ಪೆಟ್ಟಿಗೆ ಇದೆ. ಮೂರಕ್ಕೂ ಬಗ್ಗಲಿಲ್ಲ. ಒಳಗೆ ಯಾವ ಡಿಸ್ಕ್ ಹಾಕಿದರೂ ಒಂದೇ ಸೀರಿಯಲ್ ನಂಬರ್ ಹೇಳುತ್ತದೆ. ಅದನ್ನೀಗ ಡಿಸ್ಕ್ ಧೂಳು ಹಿಡಿಯದಿರಲಿ ಎಂದು ಡಬ್ಬಿಯ ಹಾಗೆ ಬಳಸುತ್ತಿದ್ದೇನೆ. ಸಂದೇಹ ಬಂದರೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ, ಡಿಸ್ಕ್ ಹೊರತೆಗೆಯಿರಿ, ನೇರವಾಗಿ ಮದರ್‌ಬೋರ್ಡ್‌ಗೆ ಹಾಕಿ ಕೇಳಿ. ಐದು ನಿಮಿಷದ ಕೆಲಸ.

ಆರನೇ ಹೆಜ್ಜೆ: ಬರೆದಿಡಿ

ಕಮಾಂಡ್ ಕೊನೆಯಲ್ಲಿ > ಗುರುತು ಹಾಕಿ ಫೈಲ್ ಹೆಸರು ಕೊಡಿ. ಹೆಸರಿನಲ್ಲಿ ಮಾಡೆಲ್ ಜೊತೆ ಫರ್ಮ್‌ವೇರ್ ವರ್ಷನ್ ಕೂಡ ಸೇರಿಸಿ. ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಹೊಸ ಕಮಾಂಡ್ ಬರಬಹುದು, ಹಳೆಯದು ಹೋಗಬಹುದು. ಮತ್ತೆ ಕೇಳಿ, ಎರಡು ಫೈಲ್‌ಗಳನ್ನೂ ‘ಡಿಫ್’ ಮಾಡಿ ನೋಡಿ. ಫೈಲನ್ನು ಮಾತ್ರ ನೀವು ಅಳಿಸಲು ಹೊರಟಿರುವ ಡಿಸ್ಕ್‌ನಲ್ಲೇ ಇಡಬೇಡಿ. ನಮ್ಮ ಬೀದಿಯ ಹುಡುಗ ಎರಡನೇ ಸಲ ಅದನ್ನೂ ಮಾಡಿದ.