ಎಂಟು ಸೆಕೆಂಡಿನಿಂದ ನಾಲ್ಕು ಗಂಟೆಗೆ: ಚುಕ್ಕಿ ಒಬ್ಬಳೇ ಇರಲು ಕಲಿತದ್ದು

ಮೊನ್ನೆ ಚುಕ್ಕಿ ನಾಲ್ಕು ಗಂಟೆ ಹತ್ತು ನಿಮಿಷ ಮನೆಯಲ್ಲಿ ಒಬ್ಬಳೇ ಇದ್ದಳು. ಕ್ಯಾಮೆರಾದಲ್ಲಿ ನೋಡಿದರೆ ಸೋಫಾ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ. ಒಂದು ಸಲ ಎದ್ದು ನೀರು ಕುಡಿದಳು, ಬಾಗಿಲ ಕಡೆ ಒಮ್ಮೆ ನೋಡಿದಳು, ಮತ್ತೆ ಹೋಗಿ ಬಿದ್ದುಕೊಂಡಳು, ಅಷ್ಟೇ. "ಈ ನಾಯಿ ಸರಿ ಹೋಗಲ್ಲ, ತಂದಲ್ಲೇ ಬಿಟ್ಟು ಬಾ" ಎಂದವರಿಗೆಲ್ಲ ಆ ವಿಡಿಯೊ ಕಳಿಸಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ಲಸಿಕೆ, ಜಂತುಹುಳದ ಮಾತ್ರೆ, ಉಣ್ಣಿ ಔಷಧಿ, ಹೊಸ ಊಟಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಾಯಿಸುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬರೆಯಲ್ಲ. ಹೊಸ ನಾಯಿ ತಂದ ಮೇಲೆ ನನ್ನನ್ನು ನಿಜವಾಗಿ ಸುಸ್ತು ಮಾಡಿದ ಕೆಲಸ ಒಂದೇ: ಅವಳನ್ನು ಬಿಟ್ಟು ಹೊರಗೆ ಹೋಗುವುದು.

ಬಂದಾಗ ಚುಕ್ಕಿಗೆ ಸುಮಾರು ಎರಡು ವರ್ಷ, ಹನ್ನೊಂದು ಕೆಜಿ ತೂಕ. ಅಷ್ಟರಲ್ಲೇ ಎರಡು ಮನೆ ಕಂಡಿದ್ದಳು. ನಾನು ಒಂದು ವಾರ ರಜೆ ಹಾಕಿ ಪೂರ್ತಿ ಮನೆಯಲ್ಲೇ ಕೂತೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಏಳು ದಿನ ಹಗಲೂ ರಾತ್ರಿ ಅಂಟಿಕೊಂಡಿದ್ದು ಎಂಟನೇ ದಿನ ಒಂಬತ್ತು ಗಂಟೆ ಮಾಯವಾದರೆ ಯಾರಿಗಾದರೂ ಹೇಗಿರುತ್ತೆ, ಅಲ್ವಾ? ವಾಪಸ್ ಬಂದಾಗ ಬಾಗಿಲಿನ ಕೆಳಗೆ ಒಂದು ಗೇಣು ಮರ ಕಿತ್ತು ಬಂದಿತ್ತು. ನೆಲದ ತುಂಬಾ ಜೊಲ್ಲು. ಮುಂಗಾಲಿನ ಒಂದು ಉಗುರು ಬುಡದಿಂದ ಸೀಳಿ ರಕ್ತ ಬಂದು ಒಣಗಿತ್ತು. ಊಟದ ಬಟ್ಟಲು ಬೆಳಿಗ್ಗೆ ಇಟ್ಟ ಹಾಗೇ ಇತ್ತು. ಕಿಡಿಗೇಡಿತನಕ್ಕೆ ಬಾಗಿಲು ಕಡಿಯುವ ನಾಯಿ ಊಟ ಬಿಡಲ್ಲ. ಇದು ಹೆದರಿಕೆ ಎಂದು ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಆಗಲಿಲ್ಲ. ಮುಂದಿನ ಎರಡು ತಿಂಗಳು ಕಂಡವರು ಹೇಳಿದ್ದನ್ನೆಲ್ಲ ಮಾಡಿದೆ.

ಮೊದಲು ಪಂಜರ. ದೊಡ್ಡದು, ಗಟ್ಟಿ ತಂತಿಯದು, ಕಡಿಮೆ ದುಡ್ಡೇನಲ್ಲ. ಎರಡನೇ ದಿನಕ್ಕೆ ಮೂತಿಯಿಂದ ತಳ್ಳಿ ತಳ್ಳಿ ಒಂದು ಮೂಲೆ ಬಗ್ಗಿಸಿದ್ದಳು, ಮೂಗಿನ ಮೇಲೆ ಗಾಯ. ಪಂಜರ ಈಗ ಹಳೇ ಪೇಪರ್ ಇಡಲು ಉಪಯೋಗವಾಗುತ್ತಿದೆ. ಆಮೇಲೆ "ಒಂಟಿತನ ಕಣ್ರೀ, ಜೊತೆಗೆ ಇನ್ನೊಂದು ನಾಯಿ ತನ್ನಿ" ಎಂದರು. ತರುವ ಮೊದಲು ಸ್ನೇಹಿತರ ನಾಯಿಯನ್ನು ಎರಡು ದಿನಕ್ಕೆ ಸಾಲ ತಂದೆ. ಈ ಒಂದು ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಿದೆ ಎಂದು ಹೇಳಿಕೊಳ್ಳಬಹುದು. ನಾನು ಹೊರಗೆ ಹೋದೆ, ಆ ನಾಯಿ ಗೊರಕೆ ಹೊಡೆಯಿತು, ಚುಕ್ಕಿ ಅದರ ಪಕ್ಕದಲ್ಲೇ ನಿಂತು ಊಳಿಟ್ಟಳು. ಅವಳಿಗೆ ಬೇಕಾಗಿದ್ದು ನಾಯಿ ಅಲ್ಲ, ಮನುಷ್ಯ.

ಬೆಳಿಗ್ಗೆ ಎರಡು ಗಂಟೆ ನಡೆಸಿ ಸುಸ್ತು ಮಾಡಿ ನೋಡಿದೆ. ಸುಸ್ತಾದದ್ದು ನಾನು. ತಿಂಡಿ ತುಂಬಿದ ರಬ್ಬರ್ ಆಟಿಕೆ ಕೊಟ್ಟೆ, ನಾನಿದ್ದರೆ ನೆಕ್ಕುತ್ತಾಳೆ, ಬಾಗಿಲು ಹಾಕಿದ ಕೂಡಲೇ ಬಿಡುತ್ತಾಳೆ. ಕೊನೆಗೆ ಆಟಿಕೆ ಕಂಡರೇ ನಡುಗಲು ಶುರು ಮಾಡಿದಳು, ಇವನು ಹೊರಟ ಎಂಬುದಕ್ಕೆ ಅದೇ ಗುರುತಾಗಿತ್ತು. ಬೊಗಳಿದರೆ ಶಾಕ್ ಕೊಡುವ ಪಟ್ಟಿ ಹಾಕಿ ಎಂದು ಒಬ್ಬ ತರಬೇತುದಾರರು ಹೇಳಿದರು. ಮೂರು ಭೇಟಿಯ ದುಡ್ಡು ಮೊದಲೇ ಕಟ್ಟಿದ್ದೆ. ಉಳಿದ ಎರಡಕ್ಕೆ ಹೋಗಲಿಲ್ಲ. ಹೆದರಿದವರಿಗೆ ಇನ್ನಷ್ಟು ಹೆದರಿಸಿ ಏನು ಕಲಿಸುತ್ತೀರಿ?

ಇದರ ನಡುವೆ ವೈದ್ಯರ ಹತ್ತಿರವೂ ಹೋದೆ, ಇದನ್ನು ಮಾತ್ರ ಎಲ್ಲರೂ ಮೊದಲೇ ಮಾಡಿ. ನೋವು, ಮೂತ್ರದ ಸೋಂಕು ಇವು ಇದ್ದರೂ ಹೀಗೆ ಆಡಬಹುದು. ಚುಕ್ಕಿಗೆ ಅವೇನೂ ಇರಲಿಲ್ಲ. ಬೇಕಾದರೆ ಆತಂಕ ಕಡಿಮೆ ಮಾಡುವ ಫ್ಲುಯಾಕ್ಸೆಟಿನ್ ಥರದ ಮಾತ್ರೆ ಇದೆ, ಕೆಲಸ ಶುರುವಾಗಲು ಕೆಲವು ವಾರ ಬೇಕು, ಜೊತೆಗೆ ತರಬೇತಿಯೂ ಇರಬೇಕು ಎಂದರು. ನಾನು ಎರಡು ತಿಂಗಳು ಸಮಯ ಕೇಳಿದೆ. ಮಾತ್ರೆ ಕೊಡುವವರನ್ನು ಹಂಗಿಸುತ್ತಿಲ್ಲ, ಆ ಎರಡು ತಿಂಗಳಲ್ಲಿ ಏನೂ ಆಗದಿದ್ದರೆ ನಾನೂ ಕೊಡುತ್ತಿದ್ದೆ.

ಹಳೇ ಫೋನೊಂದನ್ನು ಕ್ಯಾಮೆರಾ ಮಾಡಿ ಕಪಾಟಿನ ಮೇಲೆ ಇಟ್ಟೆ. ಬಾಗಿಲು ಹಾಕಿ ಹೊರಗೆ ನಿಂತು ನೋಡಿದೆ. ಒಂದು, ಎರಡು, ಮೂರು... ಎಂಟನೇ ಸೆಕೆಂಡಿಗೆ ಕಿವಿ ಹಿಂದಕ್ಕೆ ಹೋಯಿತು. ಹತ್ತಕ್ಕೆ ಮೂಗು ನೆಕ್ಕಿಕೊಂಡಳು. ಹದಿನೈದಕ್ಕೆ ಒಂದು ಆಕಳಿಕೆ, ನಿದ್ದೆಯ ಆಕಳಿಕೆ ಅಲ್ಲ. ಇಪ್ಪತ್ತರ ಹೊತ್ತಿಗೆ ಬಾಗಿಲ ಮುಂದೆ ಒಂದು ಕಾಲು ಎತ್ತಿ ನಿಂತಿದ್ದಳು. ಜನ ಊಳಿಡುವುದನ್ನು ಮಾತ್ರ ಲೆಕ್ಕ ಹಾಕುತ್ತಾರೆ, ಆದರೆ ಅಷ್ಟು ಹೊತ್ತಿಗೆ ಆಟ ಮುಗಿದಿರುತ್ತೆ. ನನ್ನ ಲೆಕ್ಕ ಕಿವಿಯಿಂದ ಶುರು. ಹಾಗಾಗಿ ಮರುದಿನದಿಂದ ಐದು ಸೆಕೆಂಡು ಹೊರಗೆ, ಒಳಗೆ ಬಂದು ಸುಮ್ನೆ ಕೂರುವುದು, ಅವಳು ಮಲಗಿದ ಮೇಲೆ ಮತ್ತೆ ಹೊರಗೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಎರಡು ದಿನ ಕಡ್ಡಾಯ ರಜೆ, ಅವಳಿಗೂ ನನಗೂ. ತಿಂಡಿ ಇಲ್ಲ, ಮುದ್ದು ಇಲ್ಲ, "ಬೇಗ ಬರ್ತೀನಿ ಕಣೇ" ಎಂಬ ನಾಟಕವೂ ಇಲ್ಲ.

ಸಮಯವನ್ನು ಒಂದೇ ಸಮ ಏರಿಸಬಾರದು. ಹತ್ತು ಸೆಕೆಂಡು, ನಾಲ್ಕು, ಹದಿನೆಂಟು, ಆರು, ಹೀಗೆ. ಪ್ರತಿ ಸಲ ಜಾಸ್ತಿ ಮಾಡುತ್ತಾ ಹೋದರೆ ನಾಯಿಗೂ ಲೆಕ್ಕ ಸಿಗುತ್ತೆ. ಅರ್ಧ ಗಂಟೆ ಬಾಗಿಲು ತೆಗೆದು ಹಾಕುವುದನ್ನು ನೋಡಿ ಎದುರು ಮನೆಯವರು "ಚಿಲಕ ಕೆಟ್ಟಿದೆಯಾ?" ಎಂದು ಕೇಳಿದರು. ಹೌದು ಎಂದೆ.

ಮೂರನೇ ವಾರಕ್ಕೆ ನಾಲ್ಕು ನಿಮಿಷ. ಐದನೇ ವಾರಕ್ಕೆ ಹನ್ನೆರಡೋ ಹದಿಮೂರೋ. ವೈದ್ಯರಿಗೆ ಇಷ್ಟೇ ಹೇಳಿದೆ, ಮುಂದುವರಿಸಿ ಎಂದರು. ಆಮೇಲೆ ಹದಿನೇಳು ನಿಮಿಷದ ಹತ್ತಿರ ಗಾಡಿ ನಿಂತೇ ಹೋಯಿತು, ಸುಮಾರು ಮೂರು ವಾರ. ಆಗ ಬಿಟ್ಟುಬಿಡೋಣ ಅನಿಸಿತ್ತು. ನೋಟ್‌ಬುಕ್ ತಿರುವಿ ಹಾಕಿದಾಗ ಕಂಡಿದ್ದು: ಕೆಟ್ಟ ದಿನಗಳೆಲ್ಲ ನಾನು ಬೂಟು ಹಾಕಿದ ದಿನಗಳು. ಚಪ್ಪಲಿಯಲ್ಲಿ ಹೋದರೆ ತೊಂದರೆ ಇಲ್ಲ! ಹದಿನೇಳರಿಂದ ಆರು ನಿಮಿಷಕ್ಕೆ ಇಳಿದು, ಬೂಟು ಸೇರಿಸಿ ಮತ್ತೆ ಹತ್ತಿದೆ. ಅರ್ಧ ಗಂಟೆ ದಾಟಿದ ಮೇಲೆ ದಾರಿ ಸುಲಭ, ನಲವತ್ತು ನಿಮಿಷದಿಂದ ಒಂದೂವರೆ ಗಂಟೆಗೆ ಹತ್ತೇ ದಿನದಲ್ಲಿ ಬಂದೆವು. ಒಟ್ಟು ಐದು ತಿಂಗಳು, ಸ್ವಲ್ಪ ಜಾಸ್ತಿಯೇ ಇರಬೇಕು.

ಈಗ ದುಡ್ಡಿನ ಮಾತು. ಈ ಪದ್ಧತಿಗೆ ಖರ್ಚೇ ಇಲ್ಲ ಎನ್ನುವವರು ಒಂದು ವಿಷಯ ಮುಚ್ಚಿಡುತ್ತಾರೆ. ತರಬೇತಿ ನಡೆಯುವಷ್ಟು ದಿನ ನಾಯಿಯನ್ನು ಅದರ ಮಿತಿಗಿಂತ ಜಾಸ್ತಿ ಹೊತ್ತು ಒಂಟಿ ಬಿಡಲೇಬಾರದು. ಬೆಳಿಗ್ಗೆ ಐದು ನಿಮಿಷ ಕಲಿಸಿ, ಮಧ್ಯಾಹ್ನ ಎರಡು ಗಂಟೆ ಬಿಟ್ಟರೆ ಬೆಳಗಿನದು ನೀರಲ್ಲಿ ಹೋಮ. ಹಾಗಾಗಿ ನೋಡಿಕೊಳ್ಳುವವರಿಗೆ ಕೊಟ್ಟಿದ್ದು, ಸಂಬಳವಿಲ್ಲದ ರಜೆ ಎಲ್ಲ ಸೇರಿ ನನ್ನ ಒಂದೂವರೆ ತಿಂಗಳ ಸಂಬಳ ಹೋಯಿತು. ಪಂಜರ, ಬಾಗಿಲು, ತರಬೇತುದಾರರು ಸೇರಿ ಇನ್ನರ್ಧ ತಿಂಗಳದ್ದು. ಮೊದಲೇ ಸರಿಯಾಗಿ ಮಾಡಿದ್ದರೆ ಆ ಅರ್ಧ ಉಳಿಯುತ್ತಿತ್ತು. ಮದುವೆ ಮನೆಗಳಿಗೆ ಒಬ್ಬರು ಹೋಗುವುದು, ಒಬ್ಬರು ಕೂರುವುದು. ಸಿನಿಮಾ ಅಂತೂ ಮರೆತೇ ಹೋಗಿತ್ತು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಬೀಗದ ಕೈ ಎತ್ತಿಕೊಂಡು ಸೋಫಾದಲ್ಲಿ ಕೂರುವುದು, ದಿನಕ್ಕೆ ಮೂವತ್ತು ಸಲ. ಬೀಗದ ಕೈ ಎತ್ತಿಕೊಂಡರೂ ನಾನು ಹೋಗಲ್ಲ ಎಂದು ಕಲಿಯಲಿ ಎಂದು. ನಮ್ಮಲ್ಲಿ ಉಲ್ಟಾ ಆಯಿತು, ಇಡೀ ದಿನ ಕಣ್ಣು ನನ್ನ ಕೈ ಮೇಲೇ. ನಾಲ್ಕನೇ ದಿನಕ್ಕೆ ನಿಲ್ಲಿಸಿದೆ. ಹಾಕಿ ಬಿಟ್ಟ ಅಂಗಿ ಇಟ್ಟು ಹೋದೆ, ಪ್ರಯೋಜನ ಶೂನ್ಯ, ಅಂಗಿಗೆ ತೂತು. ರೇಡಿಯೊದಿಂದ ಮೆಟ್ಟಿಲ ಸದ್ದು ಮುಚ್ಚಿ ಹೋಗುತ್ತೆ, ಅದಷ್ಟೇ ಲಾಭ. ಭಯದಲ್ಲಿ ಮಾಡಿದ ಉಚ್ಚೆಯನ್ನು ಅಮೋನಿಯಾ ಇರುವ ದ್ರವದಿಂದ ಒರೆಸಿ ಮೂರು ಸಲ ಅದೇ ಜಾಗ ಒದ್ದೆ ಮಾಡಿಸಿಕೊಂಡೆ, ಅವಳ ಮೂಗಿಗೆ ಅದೂ ಉಚ್ಚೆಯ ವಾಸನೆಯೇ. ಕಿಣ್ವ ಇರುವ ಕ್ಲೀನರ್ ತಂದ ಮೇಲೆ ನಿಂತಿತು.

ಹೊರಡುವ ಹತ್ತು ನಿಮಿಷ ಮುಂಚೆ ನಾನು ಮಾಡುವ ಒಂದು ಕೆಲಸವಿದೆ. ಅದನ್ನು ಬರೆಯಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದು ಚುಕ್ಕಿಯನ್ನು ನೋಡಿ ಕಟ್ಟಿದ್ದು, ನಿಮ್ಮ ನಾಯಿಗೆ ಉಲ್ಟಾ ಹೊಡೆಯಬಹುದು. ವಿಡಿಯೊ ನೋಡಿ, ನಿಮ್ಮದು ನಿಮಗೇ ಸಿಗುತ್ತೆ.

ನಾಲ್ಕು ಗಂಟೆಗಿಂತ ಜಾಸ್ತಿ ಏರಿಸುವ ಆಸೆ ನನಗಿಲ್ಲ, ಅವಳೂ ಉಚ್ಚೆಗೆ ಹೋಗಬೇಕಲ್ಲ. ಗುಡುಗು ಬಂದ ದಿನ ಈಗಲೂ ಬಿಟ್ಟು ಹೋಗಲ್ಲ. ಸದ್ಯಕ್ಕೆ ಉಗುರು ಕತ್ತರಿಸುವ ಯುದ್ಧ ನಡೆಯುತ್ತಿದೆ. ಸೀಳಿದ್ದ ಆ ಉಗುರು ಬೆಳೆದಿದೆ, ಆದರೆ ಆ ಕಾಲು ಮುಟ್ಟಲು ಬಿಡಲ್ಲ. ದಿನಕ್ಕೆ ಒಂದೇ ಉಗುರು ಎಂದು ಶುರು ಮಾಡಿದ್ದೇನೆ. ನಿನ್ನೆ ಎರಡು ಆಯಿತು.