ಕಾಳಿನ ಬುಡ ನೋಡಿ ಜೋಳ ಗುರುತಿಸೋದು

ವಿಜಯಪುರದ ಕಡೆ ಹಿಂಗಾರಿ ಜೋಳದ ಸುಗ್ಗಿ ಬಂತೆಂದರೆ ನಾನು ಕಣಕ್ಕೆ ಹೋಗಿ ತೆನೆ ಕೇಳುತ್ತೇನೆ. ಮಾಲದಂಡಿ, ಅಳ್ಳಿನ ಜೋಳ, ಸೀತನಿ ಜೋಳ, ಏನು ಸಿಕ್ಕರೂ ಒಂದೊಂದು ತೆನೆ. 'ಇದನ್ನ ಒಯ್ದು ಏನ್ ಮಾಡ್ತೀರಿ ಸರ?' ಅಂತ ನಗುತ್ತಲೇ ಕೊಡುತ್ತಾರೆ.

ಊರಿಗೊಂದು ಹೆಸರು ಇರೋದರಿಂದ ಹೆಸರು ನಂಬಿ ವಿಂಗಡಿಸುವುದಿಲ್ಲ. ಹಾರ್ಲನ್ ಮತ್ತು ಡಿ ವೆಟ್ ಎಂಬ ಸಸ್ಯವಿಜ್ಞಾನಿಗಳು 1972ರಲ್ಲಿ ಜೋಳವನ್ನು ಐದು ಮುಖ್ಯ ಬಗೆಯಾಗಿ ವಿಂಗಡಿಸಿ ಕೊಟ್ಟ ಕ್ರಮವೇ ನನಗೆ ಸಾಕು. ಎಲೆ, ಎತ್ತರ ಏನೂ ಬೇಡ. ಬಲಿತ ಕಾಳು, ಅದರ ಹೊಟ್ಟು ಇದ್ದರಾಯಿತು. ಬೈಕಲರ್‌ನಲ್ಲಿ ಉದ್ದ ಹೊಟ್ಟು ಕಾಳನ್ನು ಮುಚ್ಚಿಬಿಡುತ್ತದೆ. ಗಿನಿಯಲ್ಲಿ ಹೊಟ್ಟು ಬಾಯಿ ತೆರೆದು, ಕಾಳು ಹೊರಳಿ ನಿಂತಿರುತ್ತದೆ. ಕಾಡೇಟಮ್ ಕಾಳು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಆಮೆಯ ಬೆನ್ನು. ಕಾಫಿರ್ ಎರಡೂ ಕಡೆ ಸಮ. ದುರ್ರಾ ಕಾಳು ಬುಡದಲ್ಲಿ ಸಣ್ಣಗೆ, ಮೇಲೆ ಅಗಲ. ಹೊಟ್ಟಿನ ಮೇಲೆ ಎಷ್ಟೋ ಸಲ ಅಡ್ಡ ಮಡಿಕೆ ಕಾಣುತ್ತದೆ. ನಮ್ಮ ಮಾಲದಂಡಿ ಇದೇ ದುರ್ರಾ. ಈ ಐದರ ನಡುವಿನ ಬೆರಕೆಗಳು ಇನ್ನೂ ಹತ್ತು, ತಲೆ ತಿನ್ನೋದು ಅವೇ.

ನನಗೆ ಜಾಸ್ತಿ ರುಚಿ ಹತ್ತಿದ್ದು ಕಾಳಿನ ಬುಡ ನೋಡೋದರಲ್ಲಿ. ತೆನೆ ತಿಕ್ಕಬಾರದು, ತಿಕ್ಕಿದರೆ ಕಾಳಷ್ಟೇ ಬರುತ್ತದೆ. ಹೊಟ್ಟು ಸಮೇತ ಚಿಮಟದಿಂದ ಕಿತ್ತು, ಕರಿ ಕಾಗದದ ಮೇಲಿಟ್ಟು, ಭೂತಗನ್ನಡಿ ಹಿಡಿಯಬೇಕು. ಜೋಳದ ಬುಡದಲ್ಲಿ ಹರಿದ ಎಳೆ ಕಾಣುತ್ತದೆ. ಬದುವಿನ ಮೇಲೆ ಬೆಳೆಯೋ, ಜೋಳಕ್ಕೆ ಸಂಬಂಧಿಯಾದ ಜಾನ್ಸನ್ ಹುಲ್ಲು ಎಂಬ ಕಳೆಯ ತೆನೆಯನ್ನು ಅಂಗೈಗೆ ತಟ್ಟಿ ನೋಡಿ. ತಾನೇ ಉದುರುತ್ತದೆ, ಬುಡ ನುಣ್ಣಗಿರುತ್ತದೆ.

ಪೂರ್ವ ಸುಡಾನಿನ ಕಸ್ಸಲಾ ಹತ್ತಿರ ಸಿಕ್ಕ, 5000 ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ತಜ್ಞರು ನೋಡಿದ್ದೂ ಈ ಬುಡವನ್ನೇ. ಮಣ್ಣಿಗೆ ಬೆರೆಸಿದ್ದ ಜೋಳದ ಹೊಟ್ಟು ಸುಟ್ಟುಹೋಗಿ ಅಚ್ಚು ಉಳಿದಿತ್ತು. ಕೆಲವು ಬುಡ ತಾನೇ ಉದುರುವ ಕಾಡುಜೋಳದ ಹಾಗೆ ನುಣ್ಣಗೆ, ಕೆಲವು ಹೊಲದ ಜೋಳದ ಹಾಗೆ ಹರಿದಂತೆ. ಕಾಡುಜೋಳ ಆಗಿನ್ನೂ ಹೊಲದ ಜೋಳ ಆಗುತ್ತಿತ್ತು. ಉದುರದ ತೆನೆ ಕೊಯ್ಯುವವರ ಕೈಗೆ ಜಾಸ್ತಿ ಸಿಗುತ್ತದೆ, ಅದೇ ಮುಂದಿನ ಬೀಜವಾಗುತ್ತದೆ ಅಲ್ವಾ? ತಲೆಮಾರುಗಟ್ಟಲೆ ಹೀಗೆ ಕೊಯ್ದು ಬಿತ್ತಿಯೇ ಉದುರುವ ಗುಣ ಕಳೆದುಹೋಯಿತು.

ಹಾಗಂತ ಜಾನ್ಸನ್ ಹುಲ್ಲನ್ನೇ ಜೋಳದ ಮೂಲ ಅನ್ನಬೇಡಿ. ಅದು ಬೇರೆ ಪ್ರಭೇದ, ಅದರ ಕ್ರೋಮೋಸೋಮು 40, ಜೋಳದ್ದು 20. ಸಲಿಕೆಯಿಂದ ಅಗೆದರೆ ಅದರ ದಪ್ಪ ಕಾಂಡ ನೆಲದೊಳಗೇ ಹರಡಿರೋದು ಕಾಣುತ್ತದೆ. ಜೋಳಕ್ಕೆ ಅದಿಲ್ಲ. ಜೋಳದ ಕಾಡು ಮೂಲ ಇರೋದು ಆಫ್ರಿಕಾದಲ್ಲಿ.

ಹುಲ್ಲಿನ ತೆನೆಯನ್ನು ಮಾತ್ರ ಬೇರೆ ಲಕೋಟೆಯಲ್ಲಿ ಹಾಕಿ ಬಾಯಿ ಮಡಚಿಡಿ. ಬೀಜ ಹೊಲದಲ್ಲಿ ಉದುರಿದರೆ ಮುಂದಿನ ಸುಗ್ಗಿಗೆ ಆ ರೈತ ನಿಮಗೆ ತೆನೆ ಕೊಡೋದಿಲ್ಲ.