ಮೇ ಬಿಸಿಲಲ್ಲಿ ರೈಜೋಬಿಯಂ, ಟ್ರೈಕೋಡರ್ಮಾ ಉಳಿಸಿಕೊಳ್ಳುವುದು

ತೊಗರಿ ಬಿತ್ತುವುದು ಜೂನ್‌ನಲ್ಲಿ, ಮೃಗಶಿರಾ ಮಳೆಗೆ. ಬೀಜಕ್ಕೆ ಹಚ್ಚುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ), ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಶಿಲೀಂಧ್ರ) ಪ್ಯಾಕೆಟ್ ಮನೆಗೆ ಬರುವುದು ಮೇ ತಿಂಗಳಲ್ಲಿ, ಕಲಬುರಗಿ ಸೀಮೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ. ತಗಡಿನ ಶೆಡ್ಡಿನಲ್ಲಿ ಬೀಜದ ಚೀಲದ ಮೇಲೆ ಇಟ್ಟು ಮರೆತರೆ, ಬಿತ್ತುವ ಹೊತ್ತಿಗೆ ಬೀಜಕ್ಕೆ ಅಂಟುವುದು ಜೀವವಿಲ್ಲದ ಬರೀ ಪುಡಿ. ಪ್ಯಾಕೆಟ್ ಮೇಲೆ ಅಚ್ಚಾದ ಅವಧಿ ತಂಪಿನಲ್ಲಿಟ್ಟ ಮಾಲಿಗೆ ಮಾತ್ರ ಸಲ್ಲುತ್ತದೆ.

ರೈಜೋಬಿಯಂ ಬೀಜಕ (ಕಷ್ಟಕಾಲ ತಾಳಿಕೊಳ್ಳುವ ಗಟ್ಟಿ ಕಣ) ಕಟ್ಟುವ ಜೀವಿಯಲ್ಲ. ಬಿಸಿ ತಾಗಿದರೂ ಸಾಯುತ್ತದೆ, ಒಣಗಿದರೂ ಸಾಯುತ್ತದೆ. ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಯಲ್ಲಿ ಬರುವ ಮಾಲಿಗೆ ನಿಯಮದ ಪ್ರಕಾರ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ, ಶೇ 30ರಿಂದ 40 ತೇವ ಇರಬೇಕು. ಟಾಲ್ಕ್ ಪುಡಿಯ ಟ್ರೈಕೋಡರ್ಮಾ ಇದಕ್ಕೆ ತದ್ವಿರುದ್ಧ: ಅದರಲ್ಲಿ ತೇವ ಶೇ 8 ದಾಟಬಾರದು. ದಾಟಿದರೆ ಬೀಜಕಗಳು ಚೀಲದೊಳಗೇ ಮೊಳೆತು, ಆಹಾರವಿಲ್ಲದೆ ಸಾಯುತ್ತವೆ. ಹಾಗಾಗಿ ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಇಡುವುದೇ ಮೊದಲ ತಪ್ಪು.

ರೈಜೋಬಿಯಂಗೆ ನಾವು ಬಳಸುವುದು ಹಳೆಯ ಹರವಿ, ಅಂದರೆ ದೊಡ್ಡ ಮಣ್ಣಿನ ಮಡಕೆ. ಒಳಕೋಣೆಯ ಮೂಲೆಯಲ್ಲಿ ಮರಳು ಸುರಿದು ಹರವಿಯನ್ನು ಅರ್ಧದವರೆಗೆ ಹೂಳುತ್ತೇವೆ. ಒಳಗೆ ಎರಡು ಇಟ್ಟಿಗೆ, ಅವುಗಳ ಮೇಲೆ ಪ್ಯಾಕೆಟ್. ಬಾಯಿಗೆ ಹಸಿ ಗೋಣಿ ಮುಚ್ಚಿ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಚಿಮುಕಿಸುತ್ತೇವೆ. ಒಣ ಗಾಳಿ ಇರುವವರೆಗೆ ಕೋಣೆಗಿಂತ ಐದಾರು ಡಿಗ್ರಿ ತಂಪು ಸಿಗುತ್ತದೆ. ಥರ್ಮಾಮೀಟರ್ ಒಳಗೇ ಇರಲಿ, 30 ದಾಟಿದರೆ ಗೋಣಿ ಒಣಗಿದೆಯೇ ಎಂದು ನೋಡಬೇಕು. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ಈ ಉಪಾಯ ನಡೆಯುವುದಿಲ್ಲ, ಆಗ ಅದರ ಅಗತ್ಯವೂ ಅಷ್ಟಿರುವುದಿಲ್ಲ. ಫ್ರಿಜ್ ಇದ್ದರೆ ಕೆಳಗಿನ ತರಕಾರಿ ಡಬ್ಬಿ ಸಾಕು, ಐಸ್ ಕಟ್ಟುವ ಖಾನೆ ಖಂಡಿತ ಬೇಡ. ಹೊರತೆಗೆದ ಪ್ಯಾಕೆಟ್ ಮೈಮೇಲಿನ ಬೆವರು ಆರಿದ ಮೇಲೆಯೇ ಬಾಯಿ ಕತ್ತರಿಸಬೇಕು.

ಟ್ರೈಕೋಡರ್ಮಾ ಪ್ಯಾಕೆಟ್‌ಗೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ, ನೆರಳಿನ ಗೋಡೆಯ ತಳ. ಕಾರ್ಬೆಂಡಜಿಮ್, ಥೈರಾಮ್‌ನಂಥ ಶಿಲೀಂಧ್ರನಾಶಕ ಇಟ್ಟ ಕಪಾಟಿನ ಹತ್ತಿರವೂ ಇಡುವುದಿಲ್ಲ. ಅಳೆಯುವ ಚಮಚ ಒಂದೇ ಆದರೂ ಕೆಡುಕು ಆಗುತ್ತದೆ.

ಟ್ರೈಕೋಡರ್ಮಾ ಬದುಕಿದೆಯೇ ಎಂದು ಬಿತ್ತನೆಗೆ ಒಂದು ವಾರ ಮೊದಲೇ ಅನ್ನದಲ್ಲಿ ನೋಡಬಹುದು. ನೀರು ಕಡಿಮೆ ಹಾಕಿ ಉದುರುದುರಾದ ಅನ್ನ ಮಾಡಿ, ಕುಕ್ಕರಿನಲ್ಲೇ ಆರಲು ಬಿಡಿ. ಎರಡು ಹೊಸ ಪ್ಲಾಸ್ಟಿಕ್ ಕವರಿಗೆ ಅರ್ಧರ್ಧ ಲೋಟ ಹಾಕಿ, ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಉದುರಿಸಿ, ಎರಡರ ಬಾಯಿಯನ್ನೂ ಸಡಿಲವಾಗಿ ಕಟ್ಟಿ ನೆರಳಲ್ಲಿಡಿ. ಎರಡನೇ ದಿನ ಅಗುಳಿನ ಸುತ್ತ ಬಿಳಿ ನೂಲು ಹರಡುತ್ತದೆ, ನಾಲ್ಕೈದನೇ ದಿನಕ್ಕೆ ಅದೇ ನೂಲು ಗಾಢ ಹಸಿರಾಗುತ್ತದೆ. ಕಪ್ಪು ಚುಕ್ಕೆ, ಕಿತ್ತಳೆ ಬೂಸ್ಟು, ಅಂಟಂಟಾದ ಲೋಳೆ ಬಂದರೆ ಮಾಲು ಕೆಟ್ಟಿದೆ. ಆದರೆ ಪುಡಿ ಹಾಕದ ಕವರಿನಲ್ಲೂ ಅದೇ ಬಂದಿದ್ದರೆ ತಪ್ಪು ಅನ್ನದ್ದು, ಮತ್ತೆ ಮಾಡಿ. ಜೀವ ಇದೆಯೋ ಇಲ್ಲವೋ ಅಷ್ಟು ಇದರಿಂದ ತಿಳಿಯುತ್ತದೆ. ಎಣಿಕೆ ಬೇಕೆಂದರೆ ಪ್ರಯೋಗಾಲಯಕ್ಕೇ ಹೋಗಬೇಕು.

ರೈಜೋಬಿಯಂಗೆ ಮನೆಯಲ್ಲಿ ಇಂಥ ಪರೀಕ್ಷೆ ಇಲ್ಲ. ಚೀಲ ಉಬ್ಬಿದ್ದರೆ, ಹುಳಿ ಅಥವಾ ಕೊಳೆತ ವಾಸನೆ ಬಂದರೆ, ಮುಷ್ಟಿಯಲ್ಲಿ ಹಿಡಿದಾಗ ಉಂಡೆ ನಿಲ್ಲದೆ ಧೂಳಾಗಿ ಜಾರಿದರೆ ತೆಗೆದುಕೊಳ್ಳಬೇಡಿ.

ಒಂದು ಎಕರೆಯ 5 ಕೆ.ಜಿ. ಬೀಜಕ್ಕೆ ಟ್ರೈಕೋಡರ್ಮಾ 20 ಗ್ರಾಂ, ರೈಜೋಬಿಯಂ 200 ಗ್ರಾಂ. 25 ಗ್ರಾಂ ಬೆಲ್ಲವನ್ನು ಕಾಲು ಲೀಟರ್ ನೀರಲ್ಲಿ ಕುದಿಸಿ, ಪೂರ್ತಿ ಆರಿಸಿ, ಬೀಜ ಒದ್ದೆಯಾಗುವಷ್ಟೇ ಚಿಮುಕಿಸಬೇಕು. ಬೆಲ್ಲದ ನೀರು ಬಿಸಿ ಇದ್ದರೆ ಇಷ್ಟು ದಿನ ಕಾಯ್ದದ್ದೆಲ್ಲ ಅಲ್ಲೇ ಹೋಯಿತು. ಮೊದಲು ಟ್ರೈಕೋಡರ್ಮಾ, ಕೊನೆಗೆ ರೈಜೋಬಿಯಂ. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅದೇ ದಿನ ಬಿತ್ತಬೇಕು. ಒಡೆದ ಪ್ಯಾಕೆಟ್ ಉಳಿದರೆ ಎತ್ತಿಡಬೇಡಿ, ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ ಹೊಲಕ್ಕೇ ಹಾಕಿ.

ಎರಡು ಸಾಲು ಮಾತ್ರ ಈ ಪುಡಿ ಹಚ್ಚದ ಬೀಜ ಬಿತ್ತಿ ಗುರುತಿಡುತ್ತೇವೆ. ನೆಲದಲ್ಲೇ ಇರುವ ರೈಜೋಬಿಯಂ ಕೂಡ ಗಂಟು ಕಟ್ಟುವುದರಿಂದ, ಹೋಲಿಕೆಗೆ ಆ ಸಾಲು ಬೇಕೇ ಬೇಕು. 30 ದಿನಕ್ಕೆ ಎರಡೂ ಕಡೆ ಐದೈದು ಗಿಡ ಕೀಳದೆ, ಮಣ್ಣು ಸಮೇತ ಅಗೆದು, ನೀರಲ್ಲಿ ತೊಳೆದು ನೋಡುತ್ತೇವೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿಗೆ ಬಿಡಿಸಿಬರುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಬೇರೇ ಊದಿಕೊಂಡು ಗಂಟಾಗಿದ್ದರೆ ಅದು ಜಂತುಹುಳುವಿನ ಬಾಧೆ, ರೈಜೋಬಿಯಂ ಲೆಕ್ಕಕ್ಕೆ ಸೇರಿಸಬೇಡಿ.